ಬೆಳ್ಳಿಕಣಗಳ ಸಾಕ್ಷ್ಯ

ಮೊಬೈಲಿನಲ್ಲಿ ತೆಗೆದ ಚಿತ್ರಕ್ಕೆ ಹಳೆಯ ಫಿಲ್ಮಿನ ಕಳೆ ಬರಲೆಂದು ಅದರ ಮೇಲೆ ಕಣಗಳನ್ನು ಉದುರಿಸುವ ಸೌಲಭ್ಯ ಇಂದು ಎಲ್ಲರ ಕೈಯಲ್ಲೂ ಇದೆ. ವಿಚಿತ್ರವೆಂದರೆ, ಫಿಲ್ಮಿನ ಕಾಲದಲ್ಲಿ ಛಾಯಾಗ್ರಾಹಕರು ಹಣವನ್ನೂ ಸಮಯವನ್ನೂ ವ್ಯಯಿಸಿದ್ದು ಇದೇ ಕಣಗಳು ಕಾಣದಿರಲೆಂದು. ಅದಕ್ಕಾಗಿಯೇ ಅವರು ಸೂಕ್ಷ್ಮಕಣದ ಫಿಲ್ಮುಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ಅವುಗಳಲ್ಲಿ ಹಲವು ಈಗ ತಯಾರಾಗುತ್ತಿಲ್ಲ. ಅವುಗಳ ಕುರಿತ ಹಳಹಳಿಕೆ ಮಾತ್ರ ಬೆಳೆಯುತ್ತಲೇ ಇದೆ. ಅದರಲ್ಲಿ ಭಾವುಕತೆ ಎಷ್ಟು, ಉಳಿಸಿಕೊಳ್ಳಬೇಕಾದ ಸತ್ಯ ಎಷ್ಟು ಎಂಬುದನ್ನು ವಿಂಗಡಿಸಿ ನೋಡುವುದು ಉಚಿತ.

ಕಪ್ಪು-ಬಿಳುಪು ಫಿಲ್ಮಿನ ಮೇಲ್ಮೈಯಲ್ಲಿರುವುದು ಜೆಲಟಿನ್‌ನಲ್ಲಿ ಹರಡಿದ ಬೆಳ್ಳಿಯ ಲವಣದ ಹರಳುಗಳು. ಬೆಳಕು ತಾಕಿದ ಹರಳು ರಾಸಾಯನಿಕದಲ್ಲಿ ತೊಳೆದಾಗ ಕಪ್ಪು ಬೆಳ್ಳಿಯಾಗಿ ನಿಲ್ಲುತ್ತದೆ. ತಾಕದ ಹರಳು ಕರಗಿ ಹೋಗುತ್ತದೆ. ಹರಳು ದೊಡ್ಡದಾದರೆ ಅಲ್ಪ ಬೆಳಕಿನಲ್ಲೂ ಚಿತ್ರ ಮೂಡುತ್ತದೆ, ಆದರೆ ಹಿಗ್ಗಿಸಿದಾಗ ರವೆ ಚೆಲ್ಲಿದಂತೆ ಕಾಣುತ್ತದೆ. ಹರಳು ಚಿಕ್ಕದಾದರೆ ಚಿತ್ರ ನುಣುಪಾಗುತ್ತದೆ, ಬೆಳಕು ಮಾತ್ರ ಹೇರಳವಾಗಿ ಬೇಕಾಗುತ್ತದೆ. 400 ಎಎಸ್‌ಎ ಫಿಲ್ಮಿಗಿಂತ 25 ಎಎಸ್‌ಎ ಫಿಲ್ಮಿಗೆ 16 ಪಟ್ಟು ಹೆಚ್ಚು ಬೆಳಕು ಬೇಕು. ಆದ್ದರಿಂದ ಮುಕ್ಕಾಲಿ ಪೀಠ, ಅಲುಗಾಡದೆ ಕುಳಿತ ಜನ, ಕಾಯುವ ವ್ಯವಧಾನ ಇವೆಲ್ಲ ಸೂಕ್ಷ್ಮಕಣದೊಂದಿಗೆ ಬಂದ ಷರತ್ತುಗಳು. 32 ಎಎಸ್‌ಎಯ ಪ್ಯಾನಟಾಮಿಕ್-ಎಕ್ಸ್ ಫಿಲ್ಮನ್ನು ಬಳಸಿದವರು ಇಂದಿಗೂ ನೆನೆಯುವುದು ಈ ಷರತ್ತುಗಳ ಸಮೇತವೇ. 50 ಎಎಸ್‌ಎಯ ಇಲ್‌ಫೋರ್ಡ್ ಪ್ಯಾನ್ ಎಫ್ ಪ್ಲಸ್ ಈಗಲೂ ದೊರೆಯುತ್ತದೆ.

ವರ್ಣಚಿತ್ರದಲ್ಲಿ ಈ ಹಂಬಲದ ಶಿಖರವೆಂದರೆ ಕೊಡಾಕ್ ಸಂಸ್ಥೆ 1935ರಲ್ಲಿ ಹೊರತಂದ ಕೊಡಾಕ್ರೋಮ್. ಅದನ್ನು ರೂಪಿಸಿದ ಲಿಯೊಪೋಲ್ಡ್ ಮಾನೆಸ್ ಮತ್ತು ಲಿಯೊಪೋಲ್ಡ್ ಗೊಡೋವ್‌ಸ್ಕಿ ಇಬ್ಬರೂ ಸಂಗೀತಗಾರರು. ಇತರ ಫಿಲ್ಮುಗಳಲ್ಲಿ ಬಣ್ಣ ಹುಟ್ಟಿಸುವ ದ್ರವ್ಯ ಫಿಲ್ಮಿನ ಪದರದಲ್ಲೇ ಇದ್ದರೆ, ಇಲ್ಲಿ ಅದನ್ನು ತೊಳೆಯುವ ಹಂತದಲ್ಲಿ ಸೇರಿಸುತ್ತಿದ್ದರು. ಹೀಗಾಗಿ ಪದರಗಳು ತೆಳುವಾಗಿ, ಚಿತ್ರ ಹರಿತವಾಗಿ ಬರುತ್ತಿತ್ತು. ಭಾರತದ ಬೀದಿಗಳ ಬಣ್ಣವನ್ನು ಜಗತ್ತಿಗೆ ತೋರಿಸಿದ ರಘುಬೀರ್ ಸಿಂಗ್ ನೆಚ್ಚಿದ್ದು ಇದನ್ನೇ. ಆದರೆ ಅದನ್ನು ತೊಳೆಯುವ ವಿಧಾನ ಬಲು ಜಟಿಲ. ಮನೆಯ ಕತ್ತಲಕೋಣೆಯಲ್ಲಿ ಆಗುವಂಥದಲ್ಲ. 2009ರಲ್ಲಿ ತಯಾರಿಕೆ ನಿಂತಿತು. ಜಗತ್ತಿನಲ್ಲಿ ಉಳಿದಿದ್ದ ಕೊನೆಯ ಕೊಡಾಕ್ರೋಮ್ ಪ್ರಯೋಗಾಲಯ, ಅಮೆರಿಕದ ಕನ್ಸಾಸ್ ರಾಜ್ಯದ ಪಾರ್ಸನ್ಸ್ ಎಂಬ ಊರಿನದು, 2010ರ ಡಿಸೆಂಬರ್ 30ರವರೆಗೆ ಮಾತ್ರ ರೀಲುಗಳನ್ನು ಸ್ವೀಕರಿಸಿತು. ಆ ಬಳಿಕ, ತೊಳೆಯದೆ ಉಳಿದ ರೀಲಿನಲ್ಲಿರುವ ಬಣ್ಣವನ್ನು ಹೊರತೆಗೆಯುವ ದಾರಿ ಮುಚ್ಚಿಹೋಯಿತು.

ಈ ಕಥೆಯ ನಮ್ಮ ಅಧ್ಯಾಯ ನೀಲಗಿರಿಯಲ್ಲಿದೆ. ಕೇಂದ್ರ ಸರ್ಕಾರದ ಉದ್ದಿಮೆಯಾಗಿ 1960ರಲ್ಲಿ ಸ್ಥಾಪನೆಗೊಂಡ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್, ಫ್ರಾನ್ಸಿನ ಬೋಶೆ ಸಂಸ್ಥೆಯ ತಾಂತ್ರಿಕ ನೆರವಿನಿಂದ 1967ರಲ್ಲಿ ಉದಕಮಂಡಲದಲ್ಲಿ ಉತ್ಪಾದನೆ ಆರಂಭಿಸಿತು. ಫಿಲ್ಮಿಗೆ ಧೂಳೂ ಸೆಕೆಯೂ ಶತ್ರುಗಳು. ಬೆಟ್ಟದ ತಂಪು ಹವೆ ಅದಕ್ಕೆ ಒಗ್ಗಿತು. ವಿದೇಶಿ ಫಿಲ್ಮು ದುಬಾರಿಯೂ ದುರ್ಲಭವೂ ಆಗಿದ್ದ ದಿನಗಳಲ್ಲಿ ಸಣ್ಣ ಊರುಗಳ ಸ್ಟುಡಿಯೋಗಳಿಗೂ ಆಸ್ಪತ್ರೆಗಳ ಎಕ್ಸ್‌ರೇ ಕೋಣೆಗಳಿಗೂ ಒದಗಿಬಂದದ್ದು ಇಲ್ಲಿನ ‘ಇಂದು’ ಮುದ್ರೆಯ ಸರಕು. ಮುಂದೆ ಸಾಲದ ಹೊರೆ, ಆಮದಿನ ಪೈಪೋಟಿ, ಕೊನೆಗೆ ಡಿಜಿಟಲ್ ಕ್ಯಾಮೆರಾ ಸೇರಿ ಕಾರ್ಖಾನೆಯನ್ನು ಕುಗ್ಗಿಸಿದವು. 2014ರಲ್ಲಿ ಕೇಂದ್ರ ಸಚಿವ ಸಂಪುಟ ಅದನ್ನು ಮುಚ್ಚಲು ಒಪ್ಪಿಗೆ ನೀಡಿತು. ಕನ್ನಡದಲ್ಲಿ ಇಂದು ಎಂದರೆ ಚಂದ್ರ, ಈ ದಿನವೂ ಹೌದು; ಆ ಹೆಸರೀಗ ನಿನ್ನೆಗೆ ಸೇರಿದೆ.

ಇಲ್ಲಿ ಹಳಹಳಿಕೆಯ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕು. ಅಜ್ಜ-ಅಜ್ಜಿಯರ ಕಾಲದ ಚಿತ್ರಗಳು ಅಷ್ಟು ನುಣುಪಾಗಿರುವುದಕ್ಕೆ ಕಾರಣ ಯಾವಾಗಲೂ ಫಿಲ್ಮಿನ ಸೂಕ್ಷ್ಮಕಣವಲ್ಲ, ನೆಗೆಟಿವ್‌ನ ಗಾತ್ರ. 12 ಚಿತ್ರಗಳ 120 ರೀಲಿನ ಚೌಕ ನೆಗೆಟಿವ್, 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟಿಗಿಂತ ಸುಮಾರು ಮೂರೂವರೆ ಪಟ್ಟು ದೊಡ್ಡದು. ಸ್ಟುಡಿಯೋದವರ ಹಾಫ್ ಪ್ಲೇಟ್, ಫುಲ್ ಪ್ಲೇಟ್ ನೆಗೆಟಿವ್‌ಗಳು ಇನ್ನೂ ದೊಡ್ಡವು. ಹಿಗ್ಗಿಸುವ ಅಗತ್ಯವೇ ಕಡಿಮೆಯಾದಾಗ ಕಣ ಕಣ್ಣಿಗೆ ಬೀಳುವುದಿಲ್ಲ.

ಇದರ ಫಲ ಸೌಂದರ್ಯಕ್ಕಷ್ಟೇ ಸೀಮಿತವಲ್ಲ. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಗಡಿಯ ಯಾವುದೋ ಊರಿನ ಶಾಲೆಯಲ್ಲಿ ತೆಗೆದ ಗುಂಪುಚಿತ್ರವಿದೆಯೆನ್ನಿ. ಅಂಗೈಯಗಲದ ಪ್ರತಿಯಲ್ಲಿ ಹಿನ್ನೆಲೆಯ ನಾಮಫಲಕ ಬರಿಯ ಬಿಳಿ ಪಟ್ಟಿ. ನೆಗೆಟಿವ್ ಉಳಿದಿದ್ದರೆ ಅದನ್ನು ಹಿಗ್ಗಿಸಿ, ಫಲಕದ ಅಕ್ಷರ ಕನ್ನಡವೇ ಎಂಬುದನ್ನು ಓದಬಹುದು. ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ ನಕಲಿನಲ್ಲಿ ಆ ಅಕ್ಷರಗಳು ಎಂದೋ ಅಳಿಸಿಹೋಗಿರುತ್ತವೆ.

ನ್ಯಾಯಾಲಯಗಳಿಗೂ ಈ ವ್ಯತ್ಯಾಸ ಗೊತ್ತಿತ್ತು. ಗಡಿತಕರಾರು, ಅಪಘಾತದ ಮೊಕದ್ದಮೆಗಳಲ್ಲಿ ಚಿತ್ರ ಹಾಜರುಪಡಿಸಿದರೆ, ಎದುರು ಪಕ್ಷದ ವಕೀಲರ ಮೊದಲ ಪ್ರಶ್ನೆ ನೆಗೆಟಿವ್ ಎಲ್ಲಿ ಎಂಬುದೇ. ಅನೇಕ ವೇಳೆ ಚಿತ್ರ ತೆಗೆದವನೂ ಸಾಕ್ಷಿಕಟ್ಟೆ ಏರಬೇಕಾಗುತ್ತಿತ್ತು. ನೆಗೆಟಿವ್ ಎಂದೂ ಸುಳ್ಳಾಡದು ಎಂದಲ್ಲ. ಸ್ಟುಡಿಯೋದವರು ಅದರ ಮೇಲೆಯೇ ಪೆನ್ಸಿಲ್ ಆಡಿಸಿ ಮುಖದ ಕಲೆ ಮರೆಸುತ್ತಿದ್ದರು. ಆದರೂ ಪರೀಕ್ಷಿಸಲು ಒಂದು ಮೂಲವಸ್ತು ಕೈಯಲ್ಲಿರುತ್ತಿತ್ತು. ಡಿಜಿಟಲ್ ಚಿತ್ರಕ್ಕೆ ಆ ಸ್ಥಾನದಲ್ಲಿ ಪ್ರಮಾಣಪತ್ರ ಬಂದಿದೆ: ಹಿಂದೆ ಸಾಕ್ಷ್ಯ ಕಾಯಿದೆಯ 65-ಬಿ ಕಲಮಿನಡಿ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಡಿ.

ಬಾಗಿಲು ಮುಚ್ಚಿದ ಸ್ಟುಡಿಯೋಗಳ ನೆಗೆಟಿವ್ ಪೆಟ್ಟಿಗೆಗಳು ಕಸಕ್ಕೋ, ಬೆಳ್ಳಿ ತೆಗೆಯುವವರ ತಕ್ಕಡಿಗೋ ಸೇರುವುದು ಕಷ್ಟವಲ್ಲ. ಮನೆಯಲ್ಲಿ ಉಳಿದವುಗಳಿಗೂ ಅಪಾಯ ತಪ್ಪಿದ್ದಲ್ಲ. ಕಾಸರಗೋಡಿನ ಮಳೆಗಾಲದಲ್ಲಿ ಜೆಲಟಿನ್ ಬೂಷ್ಟಿಗೆ ಆಹಾರವಾಗುತ್ತದೆ. ಸೆಕೆ ಮತ್ತು ತೇವಕ್ಕೆ ಅಸಿಟೇಟ್ ಫಿಲ್ಮು ಹುಳಿ ವಾಸನೆ ಬೀರುತ್ತ ಸುರುಟಿಕೊಳ್ಳುತ್ತದೆ. ಅಂಥದು ಕಂಡರೆ ಅದನ್ನು ಉಳಿದವುಗಳಿಂದ ಬೇರ್ಪಡಿಸಬೇಕು. ನೆಗೆಟಿವ್‌ಗಳನ್ನು ಅಂಚಿನಲ್ಲಿ ಹಿಡಿದು, ಒಂದೊಂದನ್ನೂ ಕಾಗದದ ಲಕೋಟೆಯಲ್ಲಿಟ್ಟು, ಮೇಲೆ ಊರು, ಇಸವಿ, ಚಿತ್ರದಲ್ಲಿರುವವರ ಹೆಸರು ಬರೆದು, ತಂಪಾದ ಒಣ ಜಾಗದಲ್ಲಿರಿಸಬೇಕು. ಒಳ್ಳೆಯ ಸ್ಕ್ಯಾನ್ ಮಾಡಿಸಬೇಕು. ಸ್ಕ್ಯಾನ್ ಆಯಿತೆಂದು ಮೂಲವನ್ನು ಎಸೆಯಬಾರದು. ಹೆಸರು ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ನಡೆಯಬೇಕು, ಏಕೆಂದರೆ ಬೆಳ್ಳಿಕಣ ಮುಖವನ್ನು ಉಳಿಸಿಕೊಡುತ್ತದೆ, ಹೆಸರನ್ನಲ್ಲ.