ಸಿಡಿದ ತೋಟೆಗೆ ಮರಳಿ ಅಳತೆ

ಪಿಸ್ತೂಲಿನ ಮದ್ದುಗುಂಡನ್ನು ಕೈಯಲ್ಲಿ ಹಿಡಿದವರ ಕಣ್ಣು ಮೊದಲು ಹೋಗುವುದು ಮುಂದಿನ ಗುಂಡಿನ ಮೇಲೆ. ಜಾಣ್ಮೆ ಅಡಗಿರುವುದು ಮಾತ್ರ ಅದರ ಹಿಂದಿನ ಹಿತ್ತಾಳೆಯ ತೋಟೆಯಲ್ಲಿ. ಮದ್ದು ಹೊತ್ತಿಕೊಂಡ ಕ್ಷಣದಲ್ಲಿ ತೋಟೆ ಉಬ್ಬಿ ಪಿಸ್ತೂಲಿನ ಕೊಠಡಿಯ ಗೋಡೆಗೆ ಕಚ್ಚಿಕೊಳ್ಳುತ್ತದೆ. ಬೆಂಕಿಯಂಥ ಅನಿಲ ಹಿಂದಕ್ಕೆ, ಹೊಡೆಯುವವರ ಮುಖದತ್ತ ನುಗ್ಗದಂತೆ ತಡೆಯುವುದು ಈ ಉಬ್ಬೇ. 9 ಮಿ.ಮೀ. ಪಿಸ್ತೂಲಿನಲ್ಲಿ ಆ ಒತ್ತಡ ಚದರ ಇಂಚಿಗೆ 35,000 ಪೌಂಡಿನವರೆಗೆ ಏರಬಹುದು. ಗುಂಡು ನಳಿಗೆ ದಾಟಿ ಒತ್ತಡ ಇಳಿದೊಡನೆ ಹಿತ್ತಾಳೆ ಕೂದಲೆಳೆಯಷ್ಟು ಕುಗ್ಗಿ, ಗೋಡೆ ಬಿಟ್ಟು ಹೊರಗೆ ಹಾರುತ್ತದೆ. ಶೇ 70ರಷ್ಟು ತಾಮ್ರ, ಶೇ 30ರಷ್ಟು ಸತು ಬೆರೆತ ಹಿತ್ತಾಳೆಗೆ ಮಾತ್ರ ಈ ಎರಡೂ ಗುಣ ಇಷ್ಟು ಹದವಾಗಿ ಒಲಿದಿವೆ.

ಕುಗ್ಗುತ್ತದೆ ನಿಜ, ಆದರೆ ಹಳೆಯ ಅಳತೆಗೆ ಬರುವುದಿಲ್ಲ. ಹಾಗೆಯೇ ಮತ್ತೆ ತುಂಬಿದರೆ ಗುಂಡು ಬಾಯಲ್ಲಿ ಬಿಗಿಯಾಗಿ ಕೂರುವುದಿಲ್ಲ, ತೋಟೆ ಕೊಠಡಿಯೊಳಗೆ ಪೂರ್ತಿ ಇಳಿಯುವುದೂ ಇಲ್ಲ. ಅದನ್ನು ಒತ್ತಿ ಮೂಲ ಅಳತೆಗೆ ತರುವುದೇ ಒಂದು ಕಸುಬು. ಅಮೆರಿಕದಲ್ಲಿ ಸಾವಿರಾರು ಜನ ಮನೆಯ ಗ್ಯಾರೇಜಿನಲ್ಲೇ ಇದನ್ನು ಮಾಡುತ್ತಾರೆ. ಗುಂಡು, ಮದ್ದು, ಅದಕ್ಕೆ ಕಿಡಿ ಹಚ್ಚುವ ಕೇಪು ಒಮ್ಮೆ ಹೊಡೆದರೆ ಮುಗಿಯಿತು. ತೋಟೆ ಮಾತ್ರ ಮತ್ತೆ ಮತ್ತೆ ಬಳಕೆಗೆ ಬರುತ್ತದೆ, ಬೆಲೆಯೂ ಅದಕ್ಕೇ ಹೆಚ್ಚು.

ಮೇಜಿಗೆ ಬಿಗಿದ ಪ್ರೆಸ್ಸಿನ ಹಿಡಿಯನ್ನು ಕೆಳಕ್ಕೆ ಎಳೆದಾಗ, ಅಂಚಿನಲ್ಲಿ ಹಿಡಿದ ತೋಟೆ ಮೇಲಕ್ಕೆ ಏರಿ ಡೈ ಎಂಬ ಗಟ್ಟಿ ಉಂಗುರದೊಳಗೆ ನುಗ್ಗುತ್ತದೆ. ಅದೇ ಏಟಿಗೆ ಡೈಯೊಳಗಿನ ಸಣ್ಣ ಮೊಳೆ ಸುಟ್ಟ ಕೇಪನ್ನು ತಳದಿಂದ ಹೊರಗೆ ತಳ್ಳುತ್ತದೆ. ಅಕ್ಕಸಾಲಿಗ ಚಿನ್ನದ ತಂತಿಯನ್ನು ಅಚ್ಚಿನ ತೂತಿನಲ್ಲಿ ಎಳೆದು ಸಣ್ಣ ಮಾಡುವುದನ್ನು ನೋಡಿದವರಿಗೆ ಇದರ ತತ್ವ ಹೊಸದಲ್ಲ. ಹಿತ್ತಾಳೆಗೆ ಹಿಂದಕ್ಕೆ ಪುಟಿಯುವ ಗುಣ ಇರುವುದರಿಂದ ಡೈಯ ಒಳ ಅಳತೆಯನ್ನು ಬೇಕಾದದ್ದಕ್ಕಿಂತ ತುಸು ಕಿರಿದಾಗಿಯೇ ಇಟ್ಟಿರುತ್ತಾರೆ. ಉಕ್ಕಿನ ಡೈ ಆದರೆ ತೋಟೆಗೆ ಎಣ್ಣೆ ಸವರಲೇಬೇಕು, ಇಲ್ಲವಾದರೆ ಅದು ಒಳಗೇ ಸಿಕ್ಕಿಬೀಳುತ್ತದೆ. ಟಂಗ್‌ಸ್ಟನ್ ಕಾರ್ಬೈಡಿನ ಉಂಗುರ ಬಂದ ಮೇಲೆ ಪಿಸ್ತೂಲಿನ ತೋಟೆಗಳ ಮಟ್ಟಿಗೆ ಆ ಜಿಡ್ಡಿನ ಕೆಲಸ ತಪ್ಪಿತು.

9 ಮಿ.ಮೀ. ತೋಟೆಯದು ಇನ್ನೊಂದು ಸೂಕ್ಷ್ಮ. 1902ರಲ್ಲಿ ಜರ್ಮನಿಯಲ್ಲಿ ಗೇಯೊರ್ಗ್ ಲೂಗರ್ ರೂಪಿಸಿದ ಇದು ನೋಡಲು ನೇರ ಕೊಳವೆ. ಅಳೆದರೆ ತಳದಲ್ಲಿ 9.93 ಮಿ.ಮೀ., ಬಾಯಲ್ಲಿ 9.65 ಮಿ.ಮೀ. ಈ ಇಳಿಜಾರೇ ಅದನ್ನು ಸಲೀಸಾಗಿ ಒಳಗೆ ಇಳಿಸುತ್ತದೆ, ಸಲೀಸಾಗಿ ಹೊರಗೂ ತರುತ್ತದೆ. ಆದರೆ ತಳದ ಅಂಚನ್ನು ಪ್ರೆಸ್ ಹಿಡಿದಿರುವುದರಿಂದ ಅದಕ್ಕೆ ತಾಗಿದ ಒಂದಿಷ್ಟು ಭಾಗಕ್ಕೆ ಡೈ ತಲುಪುವುದಿಲ್ಲ. ಅಲ್ಲಿ ಉಬ್ಬು ಉಳಿದ ತೋಟೆ ಪಿಸ್ತೂಲಿನಲ್ಲಿ ಅರ್ಧಕ್ಕೇ ನಿಂತುಬಿಡಬಹುದು. ಅದಕ್ಕಾಗಿ ತಿಳಿದವರು ಪ್ರತಿಯೊಂದನ್ನೂ ಅಳತೆಯ ಗೂಡಿಗೆ ಇಳಿಬಿಟ್ಟು ನೋಡುತ್ತಾರೆ. ತನ್ನ ಭಾರಕ್ಕೆ ತಾನೇ ಇಳಿಯದ್ದು ಗುಜರಿಗೆ.

ಪ್ರತಿ ಸಲ ಉಬ್ಬಿ, ಪ್ರತಿ ಸಲ ಒತ್ತಿಸಿಕೊಂಡು ಹಿತ್ತಾಳೆ ಪೆಡಸಾಗುತ್ತದೆ. ಕೊನೆಗೆ ಬಾಯಂಚಿನಲ್ಲಿ ಸೀಳು ಕಾಣುತ್ತದೆ. ಸೀಳು ಬಿಟ್ಟದ್ದನ್ನು ಎಸೆಯುವುದೊಂದೇ ದಾರಿ, ಅಲ್ಲಿ ಜಿಪುಣತನ ಸಲ್ಲದು. ಎಲ್ಲ ತೋಟೆಗೂ ಮರುಜನ್ಮ ಇಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಪಾಲ್ಗೊಂಡ 50 ಮೀಟರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಬಳಸುವುದು .22 ತೋಟಾ. ಅದರ ಸಿಡಿಮದ್ದು ತಳದ ಅಂಚಿನೊಳಗೇ ಇರುತ್ತದೆ, ಸೂಜಿ ಬಡಿದು ಅಂಚು ಜಜ್ಜಿದ ಮೇಲೆ ಮತ್ತೆ ತುಂಬುವ ಮಾತಿಲ್ಲ.

ಕನ್ನಡ ನಾಡಿನಲ್ಲಿ ಮದ್ದುಗುಂಡನ್ನು ಮನೆಯಲ್ಲೇ ಅಳೆದು ತುಂಬುವ ರೂಢಿ ಇಂದಿಗೂ ಉಸಿರಾಡುತ್ತಿರುವುದು ಕೊಡಗಿನಲ್ಲಿ, ಅದೂ ಪಿಸ್ತೂಲಿಗಲ್ಲ, ಕೋವಿಗೆ. ಕೇಪಿನ ಕೋವಿಗೆ ತೋಟೆಯೇ ಬೇಡ. ನಳಿಗೆಯ ಬಾಯಿಂದ ಮಸಿ ಸುರಿದು, ನಾರು ಗಿಡಿದು, ಚರೆ ಇಳಿಸಿ, ಮತ್ತೆ ನಾರು ಗಿಡಿದು, ಹಿಂದೆ ಕೇಪು ಕೂರಿಸಿದರೆ ಈಡಿಗೆ ಸಿದ್ಧ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಒರೆಸಿ, ಸಾಲಾಗಿಟ್ಟು, ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ಆಯುಧದ ಬಗ್ಗೆ ಭಕ್ತಿಯ ಜತೆ ಶಿಸ್ತೂ ಇರುವ ಇಂಥ ಮನೆತನಗಳನ್ನು ನಾನು ಮನಸಾರೆ ಗೌರವಿಸುತ್ತೇನೆ.

ಲೈಸೆನ್ಸ್ ಇಲ್ಲದೆಯೇ ಕೋವಿ ಇಟ್ಟುಕೊಳ್ಳುವ ಕೊಡವರ ಹಕ್ಕಿನ ಹಿಂದೆ ದೊಡ್ಡ ಚರಿತ್ರೆಯಿದೆ. ಬ್ರಿಟಿಷರು 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆ ತಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ದಂಗೆ ಎದ್ದರು, ಊರೇ ಸುಟ್ಟುಹೋಯಿತು. ನಾಲ್ಕೇ ವರ್ಷದಲ್ಲಿ, 1861ರಲ್ಲಿ, ಕೊಡವರಿಗೆ ಅದೇ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. ಸ್ವತಂತ್ರ ಭಾರತದ 1963ರ ಅಧಿಸೂಚನೆ ಅದನ್ನು ಉಳಿಸಿತು: ಒಂದು ರೈಫಲ್ ಮತ್ತು 100 ಗುಂಡು, ಅಥವಾ ಒಂದು ಕೋವಿ ಮತ್ತು 500 ತೋಟಾ, ಇಲ್ಲವೇ ಅಷ್ಟಕ್ಕೆ ಸಮನಾದ ಸೀಸ, ಮದ್ದು. ಪಿಸ್ತೂಲು, ರಿವಾಲ್ವರ್ ಇದರಲ್ಲಿ ಸೇರಿಲ್ಲ. 2021ರಲ್ಲಿ ಕರ್ನಾಟಕ ಹೈಕೋರ್ಟು ಈ ವಿನಾಯಿತಿಯನ್ನು ಎತ್ತಿಹಿಡಿಯಿತು.

ಕೊಡಗಿನ ಆಚೆಗೆ ಈ ಸವಲತ್ತಿಲ್ಲ. ನೆರೆಯ ಆಂಧ್ರದ ಕಂಬದೂರಿನಲ್ಲೋ ಕಲ್ಯಾಣದುರ್ಗದಲ್ಲೋ ಕಡಲೆಕಾಯಿ ಹೊಲ ಕಾಯಲು ಕೋವಿ ಬೇಕೆನ್ನುವ ರೈತ ಲೈಸೆನ್ಸಿಗೆ ಅರ್ಜಿ ಹಾಕಲೇಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆಂದು ಬಾಯಿಂದ ತುಂಬುವ ಕೋವಿಯನ್ನು ಹೆಸರಿಸಿಯೇ ಹೇಳುತ್ತದೆ.

ಅಂತರ್ಜಾಲದ ವಿಡಿಯೊ ನೋಡಿ ಪ್ರೆಸ್, ಡೈ ತರಿಸಿಕೊಳ್ಳುವ ಆಸೆ ಹುಟ್ಟಿದ ಯುವಕರಿಗೆ ಒಂದು ಮಾತು. ಅಮೆರಿಕದ ಗ್ಯಾರೇಜಿನ ಹವ್ಯಾಸ ಇಲ್ಲಿ ಹವ್ಯಾಸವಲ್ಲ. ನಮ್ಮ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಮದ್ದುಗುಂಡಿನ ಬಿಡಿಭಾಗವೂ ಅದನ್ನು ತಯಾರಿಸುವ ಯಂತ್ರವೂ ಮದ್ದುಗುಂಡೇ. ಲೈಸೆನ್ಸ್ ಇಲ್ಲದೆ ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷ ಜೈಲು, ಗರಿಷ್ಠ ಜೀವಾವಧಿ. ಗುರಿಯ ಮೇಲೆ ಪ್ರೀತಿ ಇದ್ದವರು ಹತ್ತಿರದ ರೈಫಲ್ ಅಸೋಸಿಯೇಷನ್ ಸೇರಿ, ಗಾಳಿ ಪಿಸ್ತೂಲಿನಿಂದ ಕಲಿಕೆ ಶುರುಮಾಡಿ.