ಹಳೆಯ ಜೀಪಿನ ರಿಪೇರಿ: ನಂಬಿಕೆ ಒಂದು, ಕಬ್ಬಿಣದ ಲೆಕ್ಕ ಇನ್ನೊಂದು

ಮಲೆನಾಡು, ಕೊಡಗಿನ ತೋಟಗಳಲ್ಲಿ ಜೀಪು ಅಂದರೆ ಇವತ್ತಿಗೂ ಆ ಹಳೆಯ ಮಹೀಂದ್ರಾವೇ. ಅಮೆರಿಕದ ವಿಲ್ಲೀಸ್ ಕಂಪನಿ 1953ರಲ್ಲಿ ಹೊರತಂದ ಸಿಜೆ 3ಬಿ ಮಾದರಿ ದಶಕಗಳ ಕಾಲ ನಮ್ಮ ದೇಶದಲ್ಲಿ ತಯಾರಾಯಿತು. 1980ರ ದಶಕದಲ್ಲಿ ಪ್ಯೂಜೊ ವಿನ್ಯಾಸದ ಡೀಸೆಲ್ ಎಂಜಿನ್ ಹೊತ್ತ ಎಂಎಂ 540 ಬಂತು. ಈ ಗಾಡಿಗಳಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಬಾನೆಟ್ ಎತ್ತಿದರೆ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಹಾಗಾಗಿ ಸ್ಪ್ಯಾನರ್ ಸೆಟ್ ಇದ್ದವರು ಮನೆಯಂಗಳದಲ್ಲೇ ಇದನ್ನು ಬಿಚ್ಚಿ ಜೋಡಿಸಬಹುದು ಅನ್ನುವ ನಂಬಿಕೆ ಬೇರೂರಿದೆ. ಅದರಲ್ಲಿ ಸತ್ಯಾಂಶ ಇದೆ, ಮನೆಯಲ್ಲಿ ರಿಪೇರಿ ಮಾಡುವುದು ಒಳ್ಳೆಯದೇ. ಎಡವುವುದು ಬೇರೆ ಕಡೆ. ಜೀಪು ಅಲುಗಿದರೆ ಒಂದು ಹೊಸ ಸಾಮಾನು, ಬಿಸಿಯಾದರೆ ಇನ್ನೊಂದು, ತಳ ತಾಗಿದರೆ ಮತ್ತೊಂದು ಎಂದು ಸೇರಿಸುತ್ತಾ ಹೋಗುತ್ತೇವೆ. ಮೂವತ್ತು ನಲವತ್ತು ವರ್ಷ ದುಡಿದ ಗಾಡಿಯ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಸವೆತದಿಂದ. ಸವೆದದ್ದನ್ನು ಮೊದಲಿನ ಅಳತೆಗೆ ತರದೆ ಹೊಸದನ್ನು ಹೇರಿದರೆ ಮೂಲ ತೊಂದರೆ ಅಡಗಿ ಕೂರುತ್ತದೆ, ಅದರ ಮೇಲೆ ಭಾರವೂ ಬೀಳುತ್ತದೆ.

ಕೆಲಸ ಶುರುವಾಗುವ ಮೊದಲೇ ಜೀವಕ್ಕೆ ಎರವಾಗಬಲ್ಲ ತಪ್ಪು ಕಲ್ಪನೆಯೊಂದಿದೆ: ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ ಜಾಕಿ ಕೊಟ್ಟರೆ ಗಾಡಿ ಕದಲುವುದಿಲ್ಲ ಎಂಬುದು. ಈಗಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಂದಿನ ಎರಡೂ ಚಕ್ರಗಳನ್ನು ನೇರವಾಗಿ ಹಿಡಿಯುತ್ತದೆ. ಸಿಜೆ 3ಬಿಯಲ್ಲಿ ಹಾಗಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ ಒಂದು ಪುಟ್ಟ ಡ್ರಮ್ ಇದೆ. ಲಿವರ್ ಎಳೆದಾಗ ಅದು ಪ್ರೊಪೆಲ್ಲರ್ ಶಾಫ್ಟನ್ನು ಹಿಡಿದು ನಿಲ್ಲಿಸುತ್ತದೆ. ಶಾಫ್ಟಿನಿಂದ ಆಚೆಗೆ ಚಕ್ರದವರೆಗೆ ಇರುವುದು ಡಿಫರೆನ್ಷಿಯಲ್. ಹಿಂದಿನ ಎರಡೂ ಚಕ್ರ ನೆಲದಲ್ಲಿರುವಾಗ ತೊಂದರೆಯಿಲ್ಲ. ಒಂದು ಚಕ್ರವನ್ನು ಜಾಕಿಯಿಂದ ಎತ್ತಿದ ಕೂಡಲೇ ಚಿತ್ರ ಬದಲಾಗುತ್ತದೆ: ಶಾಫ್ಟು ಬಿಗಿಯಾಗಿ ನಿಂತಿದ್ದರೂ ಗಾಳಿಯಲ್ಲಿರುವ ಚಕ್ರ ಹಿಂದಕ್ಕೆ ತಿರುಗುತ್ತಾ ನೆಲದಲ್ಲಿರುವ ಚಕ್ರ ಮುಂದಕ್ಕೆ ಉರುಳಬಹುದು. ಗೇರಿನಲ್ಲಿಟ್ಟದ್ದೂ ಇದೇ ಕಾರಣಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಅಂಗಳ ಸ್ವಲ್ಪ ಇಳಿಜಾರಿದ್ದರೂ ಜೀಪು ಜಾಕಿಯಿಂದ ಜಾರಿ ಕೆಳಗೆ ಮಲಗಿದವರ ಮೇಲೆ ಬರುತ್ತದೆ. ನೆಲದಲ್ಲಿ ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಮರದ ತುಂಡು ಅಡ್ಡ ಕೊಡುವುದು, ಎತ್ತಿದ ಮೇಲೆ ಆಕ್ಸಲ್ ಅಡಿಗೆ ಗಟ್ಟಿ ಸ್ಟ್ಯಾಂಡ್ ಇಡುವುದು ಇಲ್ಲಿ ಹೆಚ್ಚುವರಿ ಎಚ್ಚರಿಕೆ ಏನಲ್ಲ; ಅದೇ ನಿಜವಾದ ಬ್ರೇಕು.

ಇನ್ನು ಎಲ್ಲರೂ ಆಸೆಪಡುವ ಮಾರ್ಪಾಡಿಗೆ ಬರೋಣ. ಜೀಪನ್ನು ಎತ್ತರಿಸಿದರೆ ಕಲ್ಲುದಾರಿಯಲ್ಲಿ ತಳ ತಾಗುವುದಿಲ್ಲ ಎಂದು ಉದ್ದದ ಶ್ಯಾಕಲ್ (ಸ್ಪ್ರಿಂಗ್ ತುದಿಯ ಕೊಂಡಿ) ಹಾಕಿಸುತ್ತಾರೆ, ಸ್ಪ್ರಿಂಗಿಗೆ ಇನ್ನೊಂದು ಪ್ಲೇಟು ಸೇರಿಸುತ್ತಾರೆ. ಆದರೆ ಜೀಪಿನ ತೀರಾ ಕೆಳಗಿನ ಭಾಗ ಯಾವುದು ಎಂದು ಬಗ್ಗಿ ನೋಡಿ: ಆಕ್ಸಲ್ ನಡುವೆ ಕುಂಬಳಕಾಯಿಯಂತೆ ಉಬ್ಬಿರುವ ಡಿಫರೆನ್ಷಿಯಲ್ ಹೌಸಿಂಗ್. ಅದು ಚಕ್ರದ ಜೊತೆಗಿರುವ ಭಾಗ, ಸ್ಪ್ರಿಂಗಿನ ಕೆಳಗಿರುವ ಭಾಗ. ಸ್ಪ್ರಿಂಗನ್ನು ಎಷ್ಟೇ ಎತ್ತರಿಸಿದರೂ ಹೌಸಿಂಗ್ ಇದ್ದಲ್ಲೇ ಇರುತ್ತದೆ; ಮೇಲೆ ಹೋಗುವುದು ಬಾಡಿ, ಎಂಜಿನ್ ಮತ್ತು ಕೂತವರು. ಹೌಸಿಂಗನ್ನು ಎತ್ತುವ ಶಕ್ತಿ ಇರುವುದು ಟೈರಿಗೆ ಮಾತ್ರ, ಅದೂ ವ್ಯಾಸದ ಅರ್ಧದಷ್ಟು. ಮೂಲದ 6.00-16 ಟೈರಿನ ಎತ್ತರ ಸುಮಾರು 28.5 ಇಂಚು. ಅದರ ಬದಲು 31 ಇಂಚಿನದ್ದು ಹಾಕಿದರೆ ಸಿಗುವುದು ಒಂದೂಕಾಲು ಇಂಚು. ಅದಕ್ಕೆ ತೆರುವ ಬೆಲೆಯನ್ನೂ ಲೆಕ್ಕ ಹಾಕಬೇಕು. ಗೇರಿಂಗ್ ಶೇ 8ರಿಂದ 9ರಷ್ಟು ಹೆಚ್ಚುತ್ತದೆ, ಅಂದರೆ ಏರಿನಲ್ಲಿ ಎಳೆಯುವ ಬಲ ಅಷ್ಟು ಕುಗ್ಗುತ್ತದೆ; ಅದೇ ಡ್ರಮ್ ಬ್ರೇಕು ಈಗ ಹೆಚ್ಚು ಉದ್ದದ ಸನ್ನೆಯ ವಿರುದ್ಧ ದುಡಿಯಬೇಕು; ಸ್ಪೀಡೋಮೀಟರ್ 40 ತೋರಿಸುವಾಗ ನಿಜವಾದ ವೇಗ 43 ದಾಟಿರುತ್ತದೆ. ಉರುಳುವ ಅಪಾಯ ಇನ್ನೊಂದು ಕಡೆ. ಈ ಜೀಪಿನ ಎಡಬಲ ಚಕ್ರಗಳ ನಡುವೆ ಇರುವುದು ಸುಮಾರು 48 ಇಂಚು, ಅಂದರೆ 1.2 ಮೀಟರ್. ಭಾರದ ಕೇಂದ್ರ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದೆ ಎಂದು ಲೆಕ್ಕಕ್ಕೆ ಹಿಡಿದರೆ, ನಿಂತ ಗಾಡಿ ಸುಮಾರು 43 ಡಿಗ್ರಿ ಓರೆಯಾದಾಗ ಮಗುಚುತ್ತದೆ. ಅದನ್ನು 10 ಸೆಂ.ಮೀ. ಮೇಲಕ್ಕೆತ್ತಿದರೆ ಮಗುಚುವ ಕೋನ 39ಕ್ಕಿಳಿಯುತ್ತದೆ. ನಾಲ್ಕು ಡಿಗ್ರಿ ಏನು ಮಹಾ ಅನ್ನಿಸಬಹುದು. ಓಡುತ್ತಿರುವ ಗಾಡಿಯಲ್ಲಿ ತಿರುವಿನ ಎಳೆತ, ಸ್ಪ್ರಿಂಗಿನ ಬಾಗು, ಹಿಂದೆ ಹೇರಿದ ಗೊಬ್ಬರದ ಮೂಟೆ ಎಲ್ಲವೂ ಸೇರಿ ಮಿಕ್ಕ ಅಂತರವನ್ನು ಮೊದಲೇ ತಿಂದಿರುತ್ತವೆ. ಆ ಕೊನೆಯ ನಾಲ್ಕು ಡಿಗ್ರಿಯಲ್ಲೇ ಅಪಘಾತ ತಪ್ಪಬೇಕು.

ಉದ್ದದ ಶ್ಯಾಕಲ್ ಇನ್ನೂ ಒಂದು ಕಿತಾಪತಿ ಮಾಡುತ್ತದೆ. ಸ್ಪ್ರಿಂಗಿನ ಒಂದು ತುದಿಯನ್ನು ಮಾತ್ರ ಇಳಿಬಿಡುವುದರಿಂದ ಆಕ್ಸಲ್ ತನ್ನ ಅಕ್ಷದಲ್ಲಿ ತುಸು ತಿರುಗುತ್ತದೆ. ಹಿಂಬದಿಯಲ್ಲಿ ಪಿನಿಯನ್ ಕೋನ ಬದಲಾಗಿ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಬೇಗ ಸವೆಯುತ್ತದೆ. ಮುಂಬದಿಯಲ್ಲಿ ಕ್ಯಾಸ್ಟರ್ ಕೋನ ಕೆಡುತ್ತದೆ. ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದು ಆ ಕೋನದಿಂದಲೇ. ಅದು ಕಡಿಮೆಯಾದ ಜೀಪು ಒಂದು ಗುಂಡಿ ದಾಟಿದಾಗ ಮುಂದಿನ ಎರಡೂ ಚಕ್ರಗಳನ್ನು ಗಡಗಡ ನಡುಗಿಸುತ್ತದೆ. ಆಗ ಬರುವ ಸಲಹೆ, ಸ್ಟೇರಿಂಗ್ ಡ್ಯಾಂಪರ್ ಹಾಕಿಸಿ ಎಂದು. ಡ್ಯಾಂಪರ್ ನಡುಕವನ್ನು ಕೆಲವು ತಿಂಗಳು ಮುಚ್ಚಿಡುತ್ತದೆ, ಅಷ್ಟೆ. ಕಾರಣ ಪತ್ತೆಗೆ ಬೇಕಾದದ್ದು ಒಂದು ಜಾಕಿ ಮತ್ತು ಇಬ್ಬರು. ಮುಂದಿನ ಚಕ್ರ ನೆಲ ಬಿಡುವಷ್ಟು ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿ. ಟಕ್ ಟಕ್ ಎಂದು ಆಟ ಇದ್ದರೆ, ಇನ್ನೊಬ್ಬರಿಗೆ ಬ್ರೇಕ್ ಪೆಡಲ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ಸಡಿಲವಾಗಿರುವುದು ಹಬ್ಬಿನ ಬೇರಿಂಗ್, ಏಕೆಂದರೆ ಬ್ರೇಕು ಹಬ್ಬನ್ನೂ ಸ್ಟೇರಿಂಗ್ ನಕಲ್ ಅನ್ನೂ ಒಂದಾಗಿ ಹಿಡಿದಿದೆ. ಬ್ರೇಕ್ ಒತ್ತಿದರೂ ಆಟ ಉಳಿದರೆ ಸವೆದಿರುವುದು ಕಿಂಗ್‌ಪಿನ್ ಬೇರಿಂಗ್. ಅದನ್ನು ಬದಲಿಸಿ, ಶಿಮ್ ಹೊಂದಿಸಿ ಬಿಗಿಗೊಳಿಸಬೇಕು. ಚಕ್ರವನ್ನು ಎಡಬಲಕ್ಕೆ ಅಲ್ಲಾಡಿಸಿದಾಗ ಟೈ ರಾಡ್ ತುದಿಗಳ ಆಟ ಗೊತ್ತಾಗುತ್ತದೆ. ಹತ್ತು ನಿಮಿಷದ ಈ ಪರೀಕ್ಷೆಯನ್ನು ಬಿಟ್ಟು ಡ್ಯಾಂಪರ್‌ಗೆ ಹಣ ಸುರಿಯುವುದು ನೋಡಿದರೆ ನಿಜಕ್ಕೂ ಬೇಸರವಾಗುತ್ತದೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ: ಎಷ್ಟೋ ತೋಟಗಳಲ್ಲಿ ಇಪ್ಪತ್ತು ವರ್ಷದಿಂದ ಎತ್ತರಿಸಿದ, ಸ್ಟೇರಿಂಗ್ ಆಡುವ ಜೀಪುಗಳೇ ಓಡುತ್ತಿವೆ, ಏನೂ ಆಗಿಲ್ಲವಲ್ಲ? ಆಗದಿರುವುದು ನಿಜ. ಆ ಜೀಪುಗಳನ್ನು ಕಾಪಾಡಿರುವುದು ಅವುಗಳ ವೇಗ. ತೋಟದ ದಾರಿಯಲ್ಲಿ ಗಂಟೆಗೆ 15 ಕಿ.ಮೀ. ದಾಟುವುದೇ ಅಪರೂಪ. ಅದೇ ಗಾಡಿ ಚಾರ್ಮಾಡಿ ಘಾಟಿಯಲ್ಲಿ 50ರಲ್ಲಿ ಇಳಿಯುವಾಗ ಬ್ರೇಕು ಅರಗಿಸಬೇಕಾದ ಚಲನೆಯ ಶಕ್ತಿ ಹನ್ನೊಂದು ಪಟ್ಟು. ತೋಟದಲ್ಲಿ ಇಪ್ಪತ್ತು ವರ್ಷದಲ್ಲಿ ಎದುರಾಗದ ಪರೀಕ್ಷೆ ಅಲ್ಲಿ ಒಂದೇ ತಿರುವಿನಲ್ಲಿ ಎದುರಾಗುತ್ತದೆ. ಹಳೆಯ ಗಾಡಿಗೆ ಕಾನೂನು ಅನ್ವಯಿಸುವುದಿಲ್ಲ ಎಂಬ ಮಾತಿಗೂ ಆಧಾರ ಇಲ್ಲ. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷದ ತಿದ್ದುಪಡಿಯ ನಂತರ ಅಕ್ರಮ ಮಾರ್ಪಾಡು ಒಂದಕ್ಕೆ 5000 ರೂಪಾಯಿಯಂತೆ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಹದಿನೈದು ವರ್ಷ ದಾಟಿದ ಜೀಪಿನ ಆರ್‌ಸಿ ನವೀಕರಣಕ್ಕೆ ಹೋದಾಗ ಈ ಪ್ರಶ್ನೆ ಎದುರಾಗಿಯೇ ಆಗುತ್ತದೆ.

ಫೋರ್ ವೀಲ್ ಹಾಕಿದಷ್ಟೂ ಹಿಡಿತ ಹೆಚ್ಚು, ಮಳೆಗಾಲದಲ್ಲಿ ಡಾಂಬರಿನ ಮೇಲೂ ಹಾಕಿಯೇ ಓಡಿಸಬೇಕು ಎಂಬುದು ಇನ್ನೊಂದು ನಂಬಿಕೆ. ಹಾಗೆ ಓಡಿಸಿದ ಜೀಪಿನ ಫೋರ್ ವೀಲ್ ಕಡ್ಡಿ ಸಿಕ್ಕಿಕೊಂಡು ಹೊರಬಾರದಿದ್ದರೆ ಟ್ರಾನ್ಸ್‌ಫರ್ ಕೇಸ್ ಬಿಚ್ಚಲು ಹೊರಡುತ್ತಾರೆ. ಬಹಳ ಸಲ ಕೇಸಿನಲ್ಲಿ ದೋಷವೇ ಇರುವುದಿಲ್ಲ. ಈ ಜೀಪಿನಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದಾಗ ಎರಡೂ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಕ್ರಮಿಸುವ ದಾರಿ ಮಾತ್ರ ಹೆಚ್ಚು. ಸಿಜೆ 3ಬಿಯ ಮುಂದಿನ ಹಿಂದಿನ ಆಕ್ಸಲ್‌ಗಳ ಅಂತರ 80 ಇಂಚು. ಹಿಂದಿನ ಆಕ್ಸಲ್ 5 ಮೀಟರ್ ತ್ರಿಜ್ಯದಲ್ಲಿ ಕಾಲು ಸುತ್ತು ತಿರುಗಿದರೆ ಮುಂದಿನ ಆಕ್ಸಲ್ ಅದಕ್ಕಿಂತ ಸುಮಾರು 60 ಸೆಂ.ಮೀ. ಹೆಚ್ಚು ಓಡಿರುತ್ತದೆ. 5.38ರ ಕ್ರೌನ್ ಪಿನಿಯನ್ ಅನುಪಾತದಲ್ಲಿ ಅದು ಪ್ರೊಪೆಲ್ಲರ್ ಶಾಫ್ಟಿನ ಹೆಚ್ಚುಕಡಿಮೆ ಒಂದೂವರೆ ಸುತ್ತು. ಕೆಸರಿನಲ್ಲಿ ಟೈರು ಜಾರಿ ಈ ವ್ಯತ್ಯಾಸವನ್ನು ಕಳೆಯುತ್ತದೆ. ಗಟ್ಟಿ ಡಾಂಬರಿನಲ್ಲಿ ಟೈರು ಅಷ್ಟು ಸುಲಭವಾಗಿ ಜಾರುವುದಿಲ್ಲ, ಆ ಒಂದೂವರೆ ಸುತ್ತಿನ ಬಿಗಿತ ಗೇರು, ಕ್ರಾಸ್, ಶಾಫ್ಟುಗಳ ಒಳಗೇ ಉಳಿಯುತ್ತದೆ. ಕಡ್ಡಿ ಸಿಕ್ಕಿಕೊಂಡರೆ ಕೆಲವು ಮೀಟರ್ ಹಿಂದಕ್ಕೆ ಓಡಿಸಿ ನೋಡಿ. ಬಿಗಿತ ಬಿಚ್ಚಿಕೊಂಡು ಹಗುರವಾಗಿ ಬರುತ್ತದೆ.

ಎಂಜಿನ್ ಬಿಸಿಯಾದರೆ ಥರ್ಮೋಸ್ಟ್ಯಾಟ್ ಕಿತ್ತು ಬಿಸಾಡುವ ರೂಢಿ ನಮ್ಮಲ್ಲಿ ವ್ಯಾಪಕ. ನಮ್ಮದು ಬಿಸಿ ದೇಶ, ಅದರ ಅಗತ್ಯವೇ ಇಲ್ಲ ಎಂಬ ವಾದ. ಸುಮಾರು 80 ಡಿಗ್ರಿಯಲ್ಲಿ ತೆರೆದುಕೊಳ್ಳುವ ಈ ಪುಟ್ಟ ಕವಾಟ ಎಂಜಿನ್ನನ್ನು ಬೇಗ ದುಡಿಯುವ ಶಾಖಕ್ಕೆ ತರುತ್ತದೆ. ಅದಿಲ್ಲದ ಡೀಸೆಲ್ ಎಂಜಿನ್ ಕೊಡಗಿನ ಡಿಸೆಂಬರ್ ಬೆಳಗಿನಲ್ಲಿ ಬಹಳ ಹೊತ್ತು ತಣ್ಣಗೇ ಓಡುತ್ತದೆ, ಹೊಗೆ ಉಗುಳುತ್ತದೆ, ಸಿಲಿಂಡರ್ ಗೋಡೆ ಬೇಗ ಸವೆಯುತ್ತದೆ. ಬಿಸಿಯಾಗಲು ನಿಜ ಕಾರಣ ಸಾಮಾನ್ಯವಾಗಿ ಬೇರೆ: ರೇಡಿಯೇಟರ್ ಎಸಳುಗಳಲ್ಲಿ ಮೆತ್ತಿದ ಕೆಸರು ಮತ್ತು ಹುಲ್ಲುಬೀಜ, ಕೊಳವೆಯೊಳಗೆ ಕಟ್ಟಿದ ಸುಣ್ಣ, ಸಡಿಲವಾದ ಫ್ಯಾನ್ ಬೆಲ್ಟು, ಸ್ಪ್ರಿಂಗ್ ಸತ್ತ ಮುಚ್ಚಳ. ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. 7 ಪಿಎಸ್ಐ ಒತ್ತಡ ಹಿಡಿಯುವ ಮುಚ್ಚಳ ಸರಿಯಿದ್ದರೆ ಕುದಿಯುವ ಬಿಂದು ಸುಮಾರು 109ಕ್ಕೆ ಏರುತ್ತದೆ. ಸತ್ತ ಮುಚ್ಚಳ ಆ ಹನ್ನೆರಡು ಡಿಗ್ರಿಯನ್ನು ಕಸಿದುಕೊಳ್ಳುತ್ತದೆ. ಬರಿನೀರು ಕೂಲಂಟ್ ಮಿಶ್ರಣಕ್ಕಿಂತ ಚೆನ್ನಾಗಿ ಶಾಖ ಹೊರುತ್ತದೆ ಎಂದು ವಾದಿಸುವವರು ಹೇಳುವುದು ಸರಿಯೇ. ಆದರೆ ಬೋರ್‌ವೆಲ್ ನೀರು ಒಳಗೆ ಸುಣ್ಣ ಕಟ್ಟಿಸುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಎರಡೇ ವರ್ಷದಲ್ಲಿ ಆ ಲಾಭ ಕೊಳವೆಯೊಳಗೇ ಮುಚ್ಚಿಹೋಗುತ್ತದೆ.

ಮುರಿದ ಸ್ಪ್ರಿಂಗ್ ಪ್ಲೇಟಿಗೆ ವೆಲ್ಡಿಂಗ್ ಮಾಡಿಸುವುದನ್ನು ಪೂರ್ತಿ ಬಿಡಬೇಕು. ಅದು ಹದ ಕೊಟ್ಟ ಉಕ್ಕು. ವೆಲ್ಡಿಂಗ್ ಶಾಖಕ್ಕೆ ಹದ ಹೋಗಿ ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ, ಮೇನ್ ಪ್ಲೇಟಾದರೆ ಆಕ್ಸಲ್ಲೇ ಜಾಗ ಬಿಡುತ್ತದೆ. ಹೆಡ್‌ಲೈಟಿಗೆ 100 ವಾಟ್ ಬಲ್ಬ್ ಹಾಕಿ, ಫ್ಯೂಸ್ ಸುಡುತ್ತದೆಂದು ಅದರ ಜಾಗದಲ್ಲಿ ತಂತಿ ಸುತ್ತುವುದೂ ಇದೇ ಜಾತಿಯದು. ಹಳೆಯ ಜೀಪಿನಲ್ಲಿ ಬೆಳಕು ಮಂಕಾಗಲು ಮುಖ್ಯ ಕಾರಣ ಸ್ವಿಚ್ಚು, ಜೋಡಣೆ, ಅರ್ಥ್ ತಂತಿಗಳಲ್ಲಿ ಕಳೆದುಹೋಗುವ ವೋಲ್ಟೇಜ್. ಜೋಡಣೆಗಳನ್ನು ಉಜ್ಜಿ, ಒಂದು ರಿಲೇ ಮೂಲಕ ಬ್ಯಾಟರಿಯಿಂದ ನೇರ ತಂತಿ ಎಳೆದರೆ ಸಾಮಾನ್ಯ 60/55 ವಾಟ್ ಬಲ್ಬೇ ಬೆಳ್ಳಗೆ ಉರಿಯುತ್ತದೆ.

ಕೊನೆಯದಾಗಿ ನೀರು. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ಸ್ನಾರ್ಕೆಲ್ ಹಾಕಿಬಿಟ್ಟರೆ ಯಾವ ಹಳ್ಳವನ್ನೂ ದಾಟಬಹುದು ಅನ್ನುತ್ತಾರೆ. ಗಾಳಿ ಎಳೆಯುವ ಬಾಯಿಗೆ ನೀರು ಹೋಗದಂತೆ ಸ್ನಾರ್ಕೆಲ್ ಕಾಯುತ್ತದೆ, ಜೋಡಣೆಗಳು ಬಿಗಿಯಿದ್ದರೆ. ನೀರಿಗೆ ಬೇರೆ ದಾರಿ ಇದೆ. ಏರು ಹತ್ತಿ ಬಂದ ಜೀಪಿನ ಡಿಫರೆನ್ಷಿಯಲ್ ಹೌಸಿಂಗ್ ಕೈ ಇಡಲಾಗದಷ್ಟು ಬಿಸಿಯಾಗಿರುತ್ತದೆ. ಅದು ತಣ್ಣನೆಯ ಹಳ್ಳಕ್ಕೆ ಇಳಿದ ಕ್ಷಣ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿ ಹೋಗಿಬರುವ ಕಿಂಡಿಯಾದ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಸವೆದ ಆಯಿಲ್ ಸೀಲಿನ ಮೂಲಕ, ತೆರೆದಿದ್ದರೆ ಬ್ರೀದರ್ ಮೂಲಕವೇ ನೀರನ್ನು ಒಳಗೆಳೆಯುತ್ತದೆ. ಸೀಲು ಬದಲಿಸಿ, ಬ್ರೀದರ್ ಜಾಗಕ್ಕೆ ಒಂದು ರಬ್ಬರ್ ಪೈಪು ಸಿಕ್ಕಿಸಿ ಅದರ ಇನ್ನೊಂದು ತುದಿಯನ್ನು ಬಾನೆಟ್ಟಿನ ಎತ್ತರಕ್ಕೆ ಕಟ್ಟಿದರೆ ಸಾಕು. ಮನೆಯಲ್ಲೇ ಮಾಡುವ ಕೆಲಸಗಳಲ್ಲಿ ಇಷ್ಟು ಅಗ್ಗದ, ಇಷ್ಟು ಫಲ ಕೊಡುವ ಇನ್ನೊಂದಿಲ್ಲ. ಆಳದ ಹಳ್ಳ ದಾಟಿದ ಮರುದಿನ ಹೌಸಿಂಗಿನ ಫಿಲ್ಲರ್ ಪ್ಲಗ್ ಬಿಚ್ಚಿ ಕಿರುಬೆರಳು ಹಾಕಿ ನೋಡಿ. ಗಂಧಕದ ವಾಸನೆಯ, ಅಂಟಾದ, ಹೊಳೆಯುವ ಎಣ್ಣೆ ಬಂದರೆ ಪ್ಲಗ್ ಬಿಗಿದುಬಿಡಿ. ಹಾಲು ಹೆಚ್ಚಾದ ಕಾಫಿಯ ಬಣ್ಣ ಬಂದರೆ ಅದೇ ದಿನ ಎಣ್ಣೆ ಬಸಿಯಬೇಕು.