ಏಣಗಿಯವರ ಕಂಪನಿಗೆ ವಯಸ್ಸೆಷ್ಟು?

ಏಣಗಿ ಬಾಳಪ್ಪನವರು ಹುಟ್ಟಿದ್ದು 1914ರಲ್ಲಿ, ತೀರಿಕೊಂಡದ್ದು 2017ರ ಆಗಸ್ಟ್ 18ರಂದು. ತಮ್ಮ ಶತಮಾನೋತ್ಸವವನ್ನು ತಾವೇ ಕುಳಿತು ನೋಡಿದ ನಟ ಅವರು. ಆ ವಯಸ್ಸಿನಲ್ಲೂ ಯಾರಾದರೂ ಕೇಳಿದರೆ ಕಂಪನಿ ಕಾಲದ ಒಂದು ಪದ ಎತ್ತುತ್ತಿದ್ದರು. ಮನುಷ್ಯನ ವಯಸ್ಸು ಹೀಗೆ ಸುಲಭವಾಗಿ ಲೆಕ್ಕಕ್ಕೆ ಸಿಗುತ್ತದೆ. ಅವರು 1947ರಲ್ಲಿ ಕಟ್ಟಿದ ‘ಕಲಾವೈಭವ ನಾಟ್ಯ ಸಂಘ, ಬೆಳಗಾವಿ’ಯ ವಯಸ್ಸು ಎಣಿಸಲು ಹೋದರೆ ತೊಡಕು ಶುರುವಾಗುತ್ತದೆ. ಸ್ವಾತಂತ್ರ್ಯ ಬಂದ ವರ್ಷವೇ ಹುಟ್ಟಿದ್ದರಿಂದ ದೇಶಕ್ಕೆ ಅಮೃತ ಮಹೋತ್ಸವವಾದ 2022ರಲ್ಲಿ ಕಂಪನಿಗೂ ಎಪ್ಪತ್ತೈದು. 2027ಕ್ಕೆ ಎಂಬತ್ತು. ಆದರೆ ಕಂಪನಿಯೇ ಈಗಿಲ್ಲ. ಮೂರು ದಶಕಕ್ಕೂ ಮಿಕ್ಕಿ ಊರೂರು ತಿರುಗಿ ಅದು ಪರದೆ ಇಳಿಸಿತು.

ನಾಟಕ ಕಂಪನಿಗಳಿಗೆ ಜನ್ಮದಿನ ಆಚರಿಸುವ ರೂಢಿ ಇರಲಿಲ್ಲ. ಕಂಪನಿಯವರು ಎಣಿಸುತ್ತಿದ್ದದ್ದು ಪ್ರಯೋಗಗಳನ್ನು. ಒಂದು ಕ್ಯಾಂಪಿನಲ್ಲಿ ನಾಟಕ ಐವತ್ತು ದಾಟಿದರೆ ಗೋಡೆ ಗೋಡೆಗೆ ಹೊಸ ಪೋಸ್ಟರ್, ನೂರಾದರೆ ಊರ ಗಣ್ಯರನ್ನು ಕರೆಸಿ ಹಾರ-ತುರಾಯಿ, ನಟರಿಗೆ ಬೆನಿಫಿಟ್ ಷೋ. ಆ ನೂರು ಮುಗಿದು ಇನ್ನೊಂದು ಊರಿಗೆ ಹೋದರೆ ಮತ್ತೆ ಒಂದರಿಂದ ಎಣಿಕೆ. ಇದು ಲೆಕ್ಕದ ಮಾತೂ ಹೌದು, ಧೈರ್ಯದ ಮಾತೂ ಹೌದು: ನಾಳಿನ ಕಲೆಕ್ಷನ್ ಗೊತ್ತಿಲ್ಲದವರು ಐವತ್ತು ವರ್ಷದ ಮಾತು ಎಲ್ಲಿಂದ ಆಡಬೇಕು?

ಬಾಳಪ್ಪ ಸವದತ್ತಿ ಸೀಮೆಯ ಏಣಗಿಯ ಒಕ್ಕಲು ಮನೆಯ ಹುಡುಗ. ಹೆಣ್ಣು ಪಾತ್ರಗಳಿಂದ ಹೆಸರಾಗಿ, ಬೇರೆಯವರ ಕಂಪನಿಗಳಲ್ಲಿ ದುಡಿದು, ಆಮೇಲೆ ಸ್ವಂತ ಬೋರ್ಡು ಹಾಕಿದವರು. ‘ಜಗಜ್ಯೋತಿ ಬಸವೇಶ್ವರ’ ನಾಟಕದ ಬಸವಣ್ಣ ಅವರ ಹೆಸರಿಗೆ ಅಂಟಿಕೊಂಡ ಪಾತ್ರ. ಆ ವೇಷದಲ್ಲಿ ಅವರನ್ನು ಕಂಡವರು ಕೈಮುಗಿಯುತ್ತಿದ್ದರೆಂದು ಹಳಬರು ಈಗಲೂ ಹೇಳುತ್ತಾರೆ. ಹೆಂಡತಿ ಲಕ್ಷ್ಮೀಬಾಯಿ ಅದೇ ರಂಗದ ನಟಿ, ಗಾಯಕಿ. ಮಗ ನಟರಾಜ ಏಣಗಿ ಮುಂದೆ ಆಧುನಿಕ ರಂಗಭೂಮಿ, ಸಿನಿಮಾ, ಕಿರುತೆರೆಗಳಲ್ಲಿ ಹೆಸರು ಮಾಡಿ 2012ರಲ್ಲಿ, ತಂದೆ ಇನ್ನೂ ಬದುಕಿದ್ದಾಗಲೇ ತೀರಿಕೊಂಡರು.

ಮನೆಯವರೆಲ್ಲ ಬಣ್ಣ ಹಚ್ಚುವ ಈ ಪದ್ಧತಿಯನ್ನು ಕಲೆಯ ಮೇಲಿನ ಪ್ರೀತಿ ಎಂದು ಹೊಗಳುವುದುಂಟು. ನನಗೆ ಅದರಲ್ಲಿ ವ್ಯವಹಾರ ಜ್ಞಾನವೇ ಹೆಚ್ಚು ಕಾಣುತ್ತದೆ. ಒಳ್ಳೆಯ ನಾಯಕಿಗೆ, ಹಾಸ್ಯನಟನಿಗೆ ಮುಂಗಡ ಕೊಟ್ಟು ಕರೆತರಬೇಕು. ಕ್ಯಾಂಪಿನ ನಡುವೆ ಇನ್ನೊಬ್ಬ ಮಾಲಕರು ಹೆಚ್ಚಿನ ಮುಂಗಡ ತೋರಿಸಿದರೆ ಅವರು ರಾತ್ರೋರಾತ್ರಿ ಗಂಟು ಕಟ್ಟಿಯಾರು. ಪೋಸ್ಟರ್ ಅಂಟಿಸಿ ಆಗಿದೆ, ಟಿಕೆಟ್ ಹರಿದಾಗಿದೆ, ನಾಯಕಿ ಇಲ್ಲ! ಮನೆಯವರು ಹಾಗೆ ಬಿಟ್ಟು ಹೋಗುವುದಿಲ್ಲ. ಸಂಬಳ ತಡವಾದರೂ ಒಂದೇ ಬೋರ್ಡಿಂಗಿನ ಅನ್ನ ಉಂಡು ನಿಲ್ಲುತ್ತಾರೆ. ಉತ್ತರ ಕರ್ನಾಟಕದ ಬಹುತೇಕ ಕಂಪನಿಗಳು ಒಂದೊಂದು ಮನೆತನದ ಸುತ್ತ ಬೆಳೆದದ್ದಕ್ಕೆ ಇದೂ ಒಂದು ಕಾರಣ. ಮನೆತನ ದಣಿದಾಗ ಕಂಪನಿ ನಿಂತದ್ದಕ್ಕೂ ಅದೇ ಕಾರಣ. ಮಕ್ಕಳು ಓದಿ ನೌಕರಿಗೆ ಹೋದರೆ ಪೇಟಿ, ಪರದೆ, ಸೀನರಿಗಳನ್ನು ಕೊಳ್ಳುವವರಾದರೂ ಯಾರು?

ಬೆಳಗಾವಿಯ ಹೆಸರನ್ನು ಕನ್ನಡ ಕಂಪನಿಯೊಂದು ಬೋರ್ಡಿಗೆ ಹಾಕಿಕೊಂಡದ್ದು ಸಣ್ಣ ಮಾತಲ್ಲ. 1947ರಲ್ಲಿ ಊರು ಇನ್ನೂ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮರಾಠಿ ಸಂಗೀತ ನಾಟಕಗಳ ಗುಂಗು ಪೇಟೆಯಲ್ಲಿ ದಟ್ಟವಾಗಿತ್ತು. ತಮಾಷೆಯೆಂದರೆ ಆ ಮರಾಠಿ ಪರಂಪರೆಯ ಬೇರೂ ಈ ಮಣ್ಣಿನಲ್ಲೇ ಇದೆ. 1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯ ಮೇಳ ಸಾಂಗ್ಲಿಯ ಅರಮನೆಯಲ್ಲಿ ಆಟ ಆಡಿತು. ಅದನ್ನು ಕಂಡ ರಾಜರು ಅಂಥದ್ದು ಮರಾಠಿಯಲ್ಲೂ ಬೇಕೆಂದರು. ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಅದೇ 1843ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದರು. ಬೆಳಗಾವಿಯಲ್ಲಿ ಕೆಲ ಕಾಲ ಮಾಸ್ತರಿಕೆ ಮಾಡಿದ ಇವರು 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದಾಗ ಮರಾಠಿ ಸಂಗೀತ ರಂಗಭೂಮಿಗೆ ಹೊಸ ದಾರಿ ತೆರೆಯಿತು. ಮರಾಠಿ ಕಂಪನಿಗಳ ಅಬ್ಬರ ಕಂಡು ಗದಗಿನ ಕಡೆ ಶಾಂತಕವಿಗಳು ಕನ್ನಡದ ಮಂಡಳಿ ಕಟ್ಟಿದರು. ಹೀಗೆ ಸಾಲ ಹೋಗಿ ಸಾಲ ಬಂತು. ಬಡ್ಡಿಯ ಲೆಕ್ಕ ಇಟ್ಟವರು ಯಾರೂ ಇಲ್ಲ.

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಖಾನಾಪುರ ಪಟ್ಟಣವನ್ನು ಬಳಸಿ, ಕಿತ್ತೂರು ನಾಡನ್ನು ದಾಟಿ ಸವದತ್ತಿ ಸೀಮೆಗೆ ಇಳಿಯುತ್ತಾಳೆ. ಕಿರ್ಲೋಸ್ಕರರೂ ಬಾಳಪ್ಪನವರೂ ಇದೇ ಸೀಮೆಯವರು. ನದಿಯ ಮೇಲ್ಭಾಗದ ಖಾನಾಪುರಕ್ಕೂ ಕಂಪನಿ ನಾಟಕಕ್ಕೂ ಸಂಬಂಧ ಬೇರೆ ಬಗೆಯದು. ಹುಬ್ಬಳ್ಳಿ, ಧಾರವಾಡದ ಕ್ಯಾಂಪು ಮುಗಿಸಿ ರೈಲಿನಲ್ಲಿ ಸಾಮಾನು ಹೇರಿದರೆ ಅಳ್ನಾವರ, ಲೋಂಡಾ, ಖಾನಾಪುರ ದಾಟಿಯೇ ಬೆಳಗಾವಿ. ಆದರೆ ಪಶ್ಚಿಮ ಘಟ್ಟದ ಸೆರಗಿನ ಜಾಂಬೋಟಿ, ಕಣಕುಂಬಿ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ. ತಗಡಿನ ಥಿಯೇಟರಿನ ಮೇಲೆ ಆ ಮಳೆ ಬಿದ್ದರೆ ಮೊದಲ ಸಾಲಿನವರಿಗೂ ಮಾತು ಕೇಳಿಸದು. ಬಯಲು ಸೀಮೆಯ ಒಣ ಊರುಗಳೇ ಕಂಪನಿಗಳಿಗೆ ಮೇಲು.

ಹಾಗೆಂದು ಖಾನಾಪುರಕ್ಕೆ ನಾಟಕ ಬರಲಿಲ್ಲ ಎಂದಲ್ಲ, ಬೇರೆ ಬಾಗಿಲಿನಿಂದ ಬಂತು. ತಾಲ್ಲೂಕಿನ ಪೂರ್ವದ ಇಟಗಿ, ಬೀಡಿ, ಪಾರಿಶ್ವಾಡ, ಕಕ್ಕೇರಿ ಕಡೆ ಕನ್ನಡದ ಬಳಕೆ ಹೆಚ್ಚು, ಪಶ್ಚಿಮದ ಕಡೆ ಮರಾಠಿಯದು. ಜಾತ್ರೆ ಬಂತೆಂದರೆ ಪೂರ್ವ ಭಾಗದ ಹಳ್ಳಿಗಳಲ್ಲಿ ಕಂಪನಿಯವರು ಆಡಿ ಜನಪ್ರಿಯವಾದ ನಾಟಕದ ಪುಸ್ತಕವನ್ನೇ ಕೊಂಡು ಊರ ಹುಡುಗರು ಕಲಿಯುತ್ತಾರೆ. ಮಾಸ್ತರರು ಪೇಟಿ ಹಿಡಿದು ತಾಲೀಮು ಮಾಡಿಸುತ್ತಾರೆ, ಪರದೆ ಮತ್ತು ಡ್ರೆಸ್ಸು ಬಾಡಿಗೆಗೆ ಬರುತ್ತವೆ, ಹೆಣ್ಣು ಪಾತ್ರಕ್ಕೆ ವೃತ್ತಿ ನಟಿಯರು ಒಂದು ರಾತ್ರಿಯ ಮಟ್ಟಿಗೆ ಬಂದು ಹೋಗುತ್ತಾರೆ. ವಿಷಯಕ್ಕೂ ಇಲ್ಲಿ ಬರವಿಲ್ಲ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ನಂದಗಡ ಇದೇ ತಾಲ್ಲೂಕಿನದು. ಕಂಪನಿ ಮುಚ್ಚಿದರೂ ಅದರ ನಾಟಕ ಹಳ್ಳಿಯಲ್ಲಿ ಉಳಿಯುತ್ತದೆ. ಇದನ್ನು ಯಾವ ವರ್ಷದ ಲೆಕ್ಕಕ್ಕೆ ಸೇರಿಸುವುದು?

ಬೆಳಗಾವಿಗೆ ನೆಲೆಯೂರಲು ಬಂದ ಇನ್ನೊಂದು ಮನೆತನ ದಾವಣಗೆರೆಯ ಚಿಂದೋಡಿಯವರದು. ಚಿಂದೋಡಿ ವೀರಪ್ಪನವರು 1928ರಲ್ಲಿ ಹುಟ್ಟುಹಾಕಿದ ಗುರು ಕರಿಬಸವರಾಜೇಂದ್ರ ನಾಟಕ ಸಂಘವನ್ನು ಜನ ಕೆ.ಬಿ.ಆರ್. ಡ್ರಾಮಾ ಕಂಪನಿ ಎಂದೇ ಕರೆದರು. ಮಗಳು ಲೀಲಾ ‘ಹಳ್ಳಿ ಹುಡುಗಿ’ಯಾಗಿ ಮನೆಮಾತಾದರು, ಪದ್ಮಶ್ರೀ ಪಡೆದರು, ನಾಟಕ ಅಕಾಡೆಮಿಯ ಅಧ್ಯಕ್ಷರಾದರು, ಗಡಿ ಊರಾದ ಬೆಳಗಾವಿಯಲ್ಲೇ ರಂಗಮಂದಿರ ಕಟ್ಟಿಸಿದರು. ತಿರುಗಾಟವೇ ಬದುಕಾದ ಕಂಪನಿಯೊಂದು ಇಟ್ಟಿಗೆ ಗೋಡೆ ಎಬ್ಬಿಸುವುದು ಅಪರೂಪ. ಲೀಲಾ 2010ರಲ್ಲಿ ತೀರಿಕೊಂಡರು. 2028ಕ್ಕೆ ಅವರ ಕಂಪನಿ ಹುಟ್ಟಿ ನೂರು ವರ್ಷ.

ಮೈಸೂರು ಸೀಮೆಯ ಗುಬ್ಬಿ ಕಂಪನಿಯ ಕಥೆ ಇವೆಲ್ಲಕ್ಕಿಂತ ಪ್ರಸಿದ್ಧ. 1884ರಲ್ಲಿ ಹುಟ್ಟಿ, 1917ರಲ್ಲಿ ವೀರಣ್ಣನವರ ಕೈಗೆ ಬಂದು, 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ಇಳಿಸಿತು. ಅದು ಕಂಪನಿಗೆ ಐವತ್ತು ತುಂಬಿದ ವರ್ಷ. ಗುಬ್ಬಿಯ ಪ್ರತಿ ಹೆಜ್ಜೆಗೂ ಇಸವಿ ದಾಖಲಾಗಿದೆ. ಉತ್ತರದ ಕಂಪನಿಗಳ ಬಹಳಷ್ಟು ಇತಿಹಾಸ ನಟರ ಬಾಯಲ್ಲೇ ಉಳಿದು, ಅವರೊಂದಿಗೇ ಹೋಯಿತು. ಕಲಾವೈಭವ ಯಾವ ಊರಲ್ಲಿ ಎಷ್ಟು ತಿಂಗಳು ನಿಂತಿತು, ಯಾವ ನಾಟಕ ಎಷ್ಟು ಪ್ರಯೋಗ ಕಂಡಿತು ಎಂಬ ಒಂದು ಪಟ್ಟಿ ತಯಾರಾದರೆ, 2027ಕ್ಕೆ ಬೆಳಗಾವಿ ಮಾಡಬಹುದಾದ ಒಳ್ಳೆಯ ಕೆಲಸ ಅದೇ. ಹಾರ-ತುರಾಯಿ ಆಮೇಲೆ ನೋಡಿಕೊಂಡರಾಯಿತು.

ಜೀವಂತ ಕಂಪನಿ ನಾಟಕ ನೋಡಬೇಕೆನ್ನುವವರು ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋಗಬಹುದು. ಹಲವು ಕಂಪನಿಗಳು ಅಲ್ಲಿ ಅಕ್ಕಪಕ್ಕದಲ್ಲೇ ಥಿಯೇಟರ್ ಹಾಕಿ ರಾತ್ರಿಯಿಡೀ ಒಂದರ ಹಿಂದೊಂದು ಆಟ ಕೊಡುತ್ತವೆ. ಮೈಕಿನಲ್ಲಿ ಕೂಗುವವರ ಪೈಪೋಟಿಗೆ ತಲೆ ಕೆಡಿಸಿಕೊಳ್ಳದೆ ಎರಡನೇ ಆಟಕ್ಕೆ ಟಿಕೆಟ್ ತೆಗೆಯಿರಿ. ಮೊದಲನೆಯದಕ್ಕೆ ನಟರ ಗಂಟಲು ಇನ್ನೂ ಬಿಸಿಯಾಗಿರುವುದಿಲ್ಲ.